ಒಂದು ರಾತ್ರಿಗೆ ಗಾಡ್‌ಫಾದರ್, ಒಂದು ತಿಂಗಳಿಗೆ ಸೊಪ್ರಾನೋಸ್

ಮಾಫಿಯಾ ಕಥೆ ಯಾವುದರಿಂದ ಶುರು ಮಾಡಲಿ ಅನ್ನುವವರಿಗೆ ನನ್ನ ಮರುಪ್ರಶ್ನೆ: ಕೈಯಲ್ಲಿ ಎಷ್ಟು ಹೊತ್ತಿದೆ? 1972ರ ‘ದಿ ಗಾಡ್‌ಫಾದರ್’ ಮೂರು ಗಂಟೆಯೊಳಗೆ ಮುಗಿಯುತ್ತದೆ. 1999ರಿಂದ 2007ರವರೆಗೆ ಬಂದ ‘ದಿ ಸೊಪ್ರಾನೋಸ್’ ಬರೋಬ್ಬರಿ 86 ಕಂತು.

ಸಿನಿಮಾದಲ್ಲಿ ಚರ್ಚಿನೊಳಗೆ ಮಗುವಿಗೆ ದೀಕ್ಷಾಸ್ನಾನ ನಡೆಯುತ್ತಿರುವಾಗಲೇ ಹೊರಗೆ ಹೆಣಗಳು ಉರುಳುತ್ತವಲ್ಲ, ಆ ಆರ್ಗನ್ ಸದ್ದಿಗೆ ಈಗಲೂ ಉಸಿರು ಬಿಗಿಹಿಡಿಯುತ್ತೇನೆ. ಸೀರೀಸ್‌ಗೆ ಆ ಗತ್ತಿಲ್ಲ. ಅಲ್ಲಿನ ಡಾನ್ ಬಾತ್‌ರೋಬ್‌ನಲ್ಲೇ ಈಜುಕೊಳಕ್ಕಿಳಿದು ಬಾತುಕೋಳಿಗಳಿಗೆ ತಿನ್ನಿಸುತ್ತಾನೆ. ಅವು ಹಾರಿಹೋದಾಗ ಧೊಪ್ಪನೆ ಕುಸಿಯುತ್ತಾನೆ, ಮನೋವೈದ್ಯೆಯೆದುರು ಗೊಣಗುತ್ತಾನೆ. ನಗುವೂ ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಸಂಗೀತದಲ್ಲಿ ಮಾತ್ರ ಸಿನಿಮಾನೇ ಮೇಲು. ನೀನೋ ರೋಟಾ ಅವರ ಒಂಟಿ ಟ್ರಂಪೆಟ್ ಸಾಕು.

ಪುರುಸೊತ್ತಿದ್ದರೆ ನನ್ನ ಓಟು ಬಾತುಕೋಳಿಗಳಿಗೆ. ಕೊನೇ ಕಂತಿನಲ್ಲಿ ಪರದೆ ತಟಕ್ಕನೆ ಕಪ್ಪಾದರೆ ಟೀವಿ ಕೆಟ್ಟಿತೆಂದು ಬಡಿಯಬೇಡಿ.