ಸನ್‌ಸ್ಕ್ರೀನ್ ಬಿಟ್ಟು ಗಿಡದ ಎಣ್ಣೆ ಹಚ್ಚಿದ್ದಕ್ಕೆ ಕತ್ತಿನ ಮೇಲೆ ಉಳಿದ ಕಲೆ

ನನ್ನ ಕತ್ತಿನ ಎಡಗಡೆ, ಕಿವಿಯ ಕೆಳಗಿನಿಂದ ಅಂಗಿಯ ಕಾಲರ್‌ವರೆಗೆ ಒಂದು ಕಂದು ಗೆರೆ ಇದೆ. ಮೇಲೆ ತೆಳ್ಳಗೆ, ಕೆಳಗೆ ಹನಿಯ ಹಾಗೆ ದಪ್ಪ. ಎಣ್ಣೆ ಇಳಿದ ದಾರಿ ಅದು. ನಾಲ್ಕು ತಿಂಗಳಾಯಿತು, ಇನ್ನೂ ಪೂರ್ತಿ ಹೋಗಿಲ್ಲ.

ಅರ್ಧ ತಪ್ಪು ನನ್ನದೇ. ಸನ್‌ಸ್ಕ್ರೀನ್ ಹಚ್ಚಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ, ಬೆವರಿದರೆ ಕಣ್ಣು ಉರಿಯುತ್ತದೆ. ಸಾಕಾಗಿತ್ತು. ಆಗ ಸಿಕ್ಕಿದ್ದು ಈ ಫೇಸ್ ಆಯಿಲ್. ಕ್ಯಾರೆಟ್ ಬೀಜದ ಎಣ್ಣೆ, ರಾಸ್ಪ್‌ಬೆರಿ ಬೀಜದ ಎಣ್ಣೆ, ಗ್ರೀನ್ ಟೀ ಸಾರ, ಘಮಕ್ಕೆ ಬರ್ಗಮಾಟ್ ಅನ್ನುವ ನಿಂಬೆ ಜಾತಿಯ ಹಣ್ಣಿನ ಎಣ್ಣೆ. ಬಿಸಿಲಿನಿಂದ ಸಹಜ ರಕ್ಷಣೆ, ಕೆಮಿಕಲ್ ಇಲ್ಲ ಅಂತ ಬಾಟಲಿ ಮೇಲೆ ದೊಡ್ಡದಾಗಿ ಬರೆದಿತ್ತು. ಎಸ್‌ಪಿಎಫ್ ನಂಬರ್, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ, ಮಾತ್ರ ಎಲ್ಲೂ ಇರಲಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ.

ಹಾಗಂತ ಕಣ್ಣು ಮುಚ್ಚಿಕೊಂಡು ಹಚ್ಚಿದವಳೂ ಅಲ್ಲ. ಮೊದಲು ಮುಂಗೈ ಒಳಗಡೆ ಒಂದು ಹನಿ ಹಚ್ಚಿ ಇಡೀ ದಿನ ಕಾದೆ. ಕೆರೆತ ಇಲ್ಲ, ಕೆಂಪಿಲ್ಲ. ಮರುದಿನ ಮುಖಕ್ಕೆ, ಕತ್ತಿಗೆ ಸವರಿಕೊಂಡು ಹೊರಟೆ. ಮಧ್ಯಾಹ್ನದವರೆಗೂ ಬಿಸಿಲಲ್ಲೇ ಇದ್ದೆ. ಹಚ್ಚುವಾಗ ಡ್ರಾಪರ್‌ನಿಂದ ಒಂದು ಹನಿ ಜಾಸ್ತಿ ಬಿದ್ದು ಕತ್ತಿಗೆ ಇಳಿದಿತ್ತು. ಒರೆಸಲಿಲ್ಲ.

ಸಂಜೆಗೇ ಮೂಗು, ಕೆನ್ನೆ ಕೆಂಪಾಗಿ ಉರಿಯತೊಡಗಿದವು. ಅದು ಸನ್‌ಬರ್ನ್, ಕೆಲವು ದಿನಕ್ಕೆ ಸಿಪ್ಪೆ ಎದ್ದು ಹೋಯಿತು. ಕತ್ತಿನ ಕಥೆ ಬೇರೆ. ಎರಡು ದಿನ ಅಲ್ಲಿ ಏನೂ ಕಾಣಲಿಲ್ಲ. ಮೂರನೇ ದಿನ ಬೆಳಗ್ಗೆ ಕನ್ನಡಿ ನೋಡಿದರೆ ಸಾಲಾಗಿ ನೀರುಗುಳ್ಳೆ, ಸುತ್ತ ಕೆಂಡದಂಥ ಉರಿ.

ಚರ್ಮದ ಡಾಕ್ಟರು ಗೆರೆ ನೋಡಿದವರೇ, “ಎರಡು ದಿನದ ಹಿಂದೆ ಇಲ್ಲಿ ಏನು ಹಚ್ಚಿದ್ರಿ?” ಅಂದರು. ನಿನ್ನೆ ಅಂತ ಕೇಳಲಿಲ್ಲ ನೋಡಿ.

ಬರ್ಗಮಾಟ್ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ವಸ್ತು ಇರುತ್ತದೆ. ಸೋರಾಲೆನ್ ಜಾತಿಯದು. ಕತ್ತಲಲ್ಲಿ ಸುಮ್ನೆ ಇರುತ್ತದೆ. ಬಿಸಿಲಿನ ಯುವಿಎ ಕಿರಣ ತಾಗಿದರೆ ಚರ್ಮದ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕೆಡಿಸುತ್ತದೆ. ಇದು ಅಲರ್ಜಿ ಅಲ್ಲ, ಯಾರಿಗೆ ಬೇಕಾದರೂ ಆಗಬಹುದು. ಮುಖಕ್ಕೆ ತೆಳ್ಳಗೆ ಸವರಿದ್ದರಿಂದ ಅಲ್ಲಿ ಗುಳ್ಳೆ ಏಳಲಿಲ್ಲವೇನೋ. ಎಣ್ಣೆ ಹೆಚ್ಚು ನಿಂತ ಕಡೆ ಪೆಟ್ಟು ಬಿತ್ತು. ಮುಂಗೈ ಯಾಕೆ ಬಚಾವಾಯಿತು ಅಂತಲೂ ಆಗಲೇ ಹೊಳೆದದ್ದು. ಆ ದಿನವಿಡೀ ನಾನು ಉದ್ದ ತೋಳಿನ ಅಂಗಿ ಹಾಕಿಕೊಂಡು ಮನೆಯೊಳಗಿದ್ದೆ!

ಸೆಂಟು ಹಚ್ಚಿದ ಜಾಗದಲ್ಲಿ ಇಂಥ ಕಲೆ ಬೀಳುವುದನ್ನು 1916ರಲ್ಲೇ ವೈದ್ಯರು ಬರೆದಿಟ್ಟಿದ್ದಾರೆ. ಬರ್ಲಾಕ್ ಡರ್ಮಟೈಟಿಸ್ ಅನ್ನುತ್ತಾರೆ. ಸರಕ್ಕೆ ತೂಗುಹಾಕುವ ಪದಕಕ್ಕಿರುವ ಫ್ರೆಂಚ್ ಪದದಿಂದ ಬಂದ ಹೆಸರು. ಹೆಸರಿನಲ್ಲಾದರೂ ಒಡವೆ ಇದೆ. ಬರ್ಗಾಪ್ಟೆನ್ ತೆಗೆದ ಎಣ್ಣೆಯೂ ಸಿಗುತ್ತದೆ, ಅದರ ಮೇಲೆ ಎಫ್‌ಸಿಎಫ್ ಅಂತ ಬರೆದಿರುತ್ತದೆ. ನನ್ನ ಬಾಟಲಿ ಮೇಲೆ ಇರಲಿಲ್ಲ. ಬಾಕುಚಿ ಬೀಜದ ಎಣ್ಣೆ ಹಚ್ಚುವವರೂ ಸ್ವಲ್ಪ ನೋಡಿಕೊಳ್ಳಿ. ಆ ಬೀಜದಿಂದ ಬೇರ್ಪಡಿಸಿದ ಶುದ್ಧ ಬಾಕುಚಿಯಾಲ್ ಬೇರೆ, ಬೀಜದ ಎಣ್ಣೆ ಬೇರೆ. ಆ ಬೀಜದಲ್ಲೂ ಸೋರಾಲೆನ್ ಇದೆ.

ಇನ್ನು ಮುಖ ಸುಟ್ಟದ್ದು. ಎಸ್‌ಪಿಎಫ್ ಅನ್ನುವುದು ಬಾಯಿಮಾತಲ್ಲ. ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ, ಹಚ್ಚದ ಚರ್ಮಕ್ಕಿಂತ ಎಷ್ಟು ಪಟ್ಟು ಹೆಚ್ಚು ಕಿರಣಕ್ಕೆ ಕೆಂಪಾಗುತ್ತದೆ ಅಂತ ಅಳೆಯುತ್ತಾರೆ. ಬೀಜದ ಎಣ್ಣೆಗೆ ಎಸ್‌ಪಿಎಫ್ 30, 40 ಅಂತ ಹೇಳಿಕೊಂಡು ಓಡಾಡುವವರನ್ನು ಈ ಪರೀಕ್ಷೆ ಮಾಡಿದ್ದೀರಾ ಅಂತ ಕೇಳಿ. ಗ್ರೀನ್ ಟೀ ಸಾರ ಸುಳ್ಳಲ್ಲ. ಕಿರಣ ಒಳಗೆ ಬಂದ ಮೇಲೆ ಹುಟ್ಟಿ ಚರ್ಮ ಕೆಡಿಸುವ ಫ್ರೀ ರ‍್ಯಾಡಿಕಲ್‌ಗಳನ್ನು ಅದರ ಪಾಲಿಫಿನಾಲ್ ತಣ್ಣಗಾಗಿಸುತ್ತದೆ. ಆದರೆ ಅದು ಸೋರಿದ ನೀರು ಒರೆಸುವ ಬಟ್ಟೆ, ಸೂರಲ್ಲ. ಸೂರು ಅಂದರೆ ಸನ್‌ಸ್ಕ್ರೀನ್‌ನಲ್ಲಿ ಕಿರಣ ತಡೆಯುವ ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್, ಅವೊಬೆನ್ಜೋನ್‌ನಂಥವು. ಆ ಗ್ರೀನ್ ಟೀ ಸಾರವನ್ನಾದರೂ ಎಷ್ಟು ಹಾಕಿರುತ್ತಾರೆ? ನನ್ನ ಹತ್ತಿರ ಇದ್ದ ಇನ್ನೊಂದು ಗ್ರೀನ್ ಟೀ ಕ್ರೀಮಿನ ಲೇಬಲ್ ತಿರುಗಿಸಿ ನೋಡಿದೆ. ಜಾಸ್ತಿ ಇರುವುದನ್ನು ಮೊದಲು, ಕಡಿಮೆ ಇರುವುದನ್ನು ಆಮೇಲೆ ಬರೆಯುತ್ತಾರೆ. ಸಾರದ ಹೆಸರು ಫೀನಾಕ್ಸಿಎಥನಾಲ್ ಆದ ಮೇಲೆ ಬರುತ್ತದೆ. ಆ ಪ್ರಿಸರ್ವೇಟಿವ್ ಅನ್ನು ಸಾಮಾನ್ಯವಾಗಿ ಶೇ. 1ಕ್ಕಿಂತ ಜಾಸ್ತಿ ಹಾಕುವುದಿಲ್ಲ. ಅಂದರೆ ಸಾರ ಅದಕ್ಕಿಂತಲೂ ಹೆಚ್ಚಿರಲಿಕ್ಕಿಲ್ಲ.

ಎಣ್ಣೆ ಮಾರಿದವರಿಗೆ ಕತ್ತಿನ ಫೋಟೋ ಕಳಿಸಿದೆ. “ನಮ್ಮದು ಪೂರ್ತಿ ನ್ಯಾಚುರಲ್ ಮೇಡಂ. ನೀವು ಪ್ಯಾಚ್ ಟೆಸ್ಟ್ ಮಾಡಿದ್ರಾ?” ಅಂತ ಉತ್ತರ ಬಂತು. ಮಾಡಿದ್ದೆ, ಆದರೆ ಬಿಸಿಲಲ್ಲಿ ಅಲ್ಲ; ಬಿಸಿಲಿಗೆ ಹಚ್ಚುವ ಎಣ್ಣೆಯನ್ನು ನೆರಳಲ್ಲಿ ಪರೀಕ್ಷೆ ಮಾಡಿ ಅಂತ ನಿಮ್ಮ ಚೀಟಿಯಲ್ಲೇ ಇದೆ ಅಂತ ಬರೆದೆ. ಆಮೇಲೆ ಅವರ ಕಡೆಯಿಂದ ಸುದ್ದಿ ಇಲ್ಲ.