ಸಂಜೆ ಬಾಣ ಬಿದ್ದ ಎಲ್ಕ್: ಬೆಳಗಿನವರೆಗೆ ಕಾಯುವುದಾ, ರಾತ್ರಿಯೇ ಹುಡುಕುವುದಾ?

ಅಮೆರಿಕದ ಕೊಲೊರಾಡೊದಲ್ಲಿ ಬಿಲ್ಲಿನಿಂದ ಎಲ್ಕ್ ಬೇಟೆಗೆ ಅನುಮತಿ ಇರುವುದು ಸೆಪ್ಟೆಂಬರ್ ತಿಂಗಳಲ್ಲಿ. ಆಗ ಬೆದೆಯ ಕಾಲ, ಗಂಡು ಎಲ್ಕ್ ಕೂಗುತ್ತಾ ಹತ್ತಿರಕ್ಕೆ ಬರುತ್ತದೆ. ಅದೇನೋ ಸರಿ. ಆದರೆ ಮಧ್ಯಾಹ್ನ ಸೆಕೆ 20 ಡಿಗ್ರಿ ದಾಟುತ್ತದೆ. ಎಲ್ಕ್ ಅಂದರೆ ನಮ್ಮ ಕಡವೆಯ ದೂರದ ನೆಂಟ, ಗಂಡಾದರೆ 300 ಕಿಲೋ ತೂಗುತ್ತದೆ. ಮೈಮೇಲೆ ದಪ್ಪ ಚರ್ಮ, ಹೊಟ್ಟೆ ತುಂಬ ಹುದುಗುವ ಹುಲ್ಲು. ಸತ್ತ ಮೇಲೂ ಗಂಟೆಗಟ್ಟಲೆ ಒಳಗೆ ಬಿಸಿ ಹಾಗೇ ಇರುತ್ತದೆ, ಮಾಂಸ ಕೆಡುತ್ತದೆ.

ನಾನು ಸಕಲೇಶಪುರದ ಕಡೆಯವನು. ಬೇಟೆ ಅಂದರೆ ಅಜ್ಜ ಹೇಳಿದ ಕಥೆ ಅಷ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಬಿಲ್ಲು ಹಿಡಿದದ್ದು ಇಲ್ಲಿಗೆ ಬಂದ ಮೇಲೆ.

ಬಾಣ ಗುಂಡಿನ ಹಾಗಲ್ಲ. ರಕ್ತ ಸೋರಿ ಪ್ರಾಣಿ ಸಾಯಬೇಕು. ಅದಕ್ಕೆ ಮುಂಚೆ ಹಿಂದೆ ಬಿದ್ದರೆ ಎದ್ದು ಓಡಿಬಿಡುತ್ತದೆ. ಶ್ವಾಸಕೋಶಕ್ಕೆ ಬಿದ್ದರೆ ಬಾಣದ ಮೇಲೆ ಗುಲಾಬಿ ಬಣ್ಣದ ನೊರೆ ರಕ್ತ ಕಾಣುತ್ತದೆ, ಅರ್ಧ ಗಂಟೆ ಕಾದರೆ ಸಾಕು. ಲಿವರ್‌ಗೆ ಬಿದ್ದರೆ ರಕ್ತ ಕಪ್ಪುಗೆಂಪು, 4ರಿಂದ 6 ಗಂಟೆ ಕಾಯಬೇಕು. ಹಸಿರು ಕಸ ಅಂಟಿ ನಾರುತ್ತಿದ್ದರೆ ಅದು ಹೊಟ್ಟೆ. 8ರಿಂದ 12 ಗಂಟೆ ಕಾಯಬೇಕು ಅನ್ನುತ್ತಾರೆ. ಹಳಬರಿಗೆ ಇದೆಲ್ಲ ಬಾಯಿಪಾಠ. ಮಾಂಸದ ಗಡಿಯಾರ ಮಾತ್ರ ಇದನ್ನು ಕೇಳುವುದಿಲ್ಲ.

ಮೊದಲ ಸಲ ನಾನು ಬೆಳಗಿನವರೆಗೆ ಕಾದೆ. ಫ್ಲಾಟ್ ಟಾಪ್ಸ್ ಕಾಡು, ಸಂಜೆ 7 ಗಂಟೆ, ಕಪ್ಪುಗೆಂಪು ರಕ್ತ. ಜೊತೆಗಿದ್ದ ಗೆಳೆಯ, "ನಾಳೆ ನೋಡೋಣ, ರಾತ್ರಿ ತಂಪಿರುತ್ತೆ" ಅಂದ. ತಂಪೇನೋ ಇತ್ತು. ಬೆಳಕು ಹರಿದ ಮೇಲೆ 300 ಮೀಟರ್ ಆಚೆ ಸಿಕ್ಕಿತು, ಪಕ್ಕಕ್ಕೆ ಮಲಗಿತ್ತು. ಮೇಲಿನ ಅರ್ಧ ಚೆನ್ನಾಗಿತ್ತು. ನೆಲಕ್ಕೆ ಒತ್ತಿದ್ದ ಹಿಂತೊಡೆಯನ್ನು ಕೊಯ್ದಾಗ ಸೊಂಟದ ಕೀಲಿನ ಹತ್ತಿರ ಇನ್ನೂ ಬೆಚ್ಚಗಿತ್ತು. ಹುಳಿ ವಾಸನೆ, ಅಲ್ಲಲ್ಲಿ ಹಸಿರು ಛಾಯೆ. ಹೊರಗಿನ ಗಾಳಿ ತಂಪಿದ್ದರೆ ಸಾಕು ಅನ್ನುವುದು ಸುಮ್ನೆ ಸಮಾಧಾನ. ಮಾಂಸ ಕೆಡುವುದು ಮೂಳೆಯ ಕಡೆಯಿಂದ, ಅಲ್ಲಿಗೆ ಗಾಳಿ ತಲುಪುವುದೇ ಇಲ್ಲ. ಒಂದು ಇಡೀ ತೊಡೆ ಹೋಯಿತು.

ಎರಡು ವರ್ಷದ ಮೇಲೆ ಹೆಚ್ಚು ಕಡಿಮೆ ಅದೇ ಪೆಟ್ಟು, ಅದೇ ಹೊತ್ತು. ಈ ಸಲ ವಾಚ್ ನೋಡಿಕೊಂಡು 5 ಗಂಟೆ ಕೂತೆವು. ಮಧ್ಯರಾತ್ರಿ ತಲೆಗೆ ಲೈಟ್ ಕಟ್ಟಿಕೊಂಡು ಹೊರಟೆವು. ಒಬ್ಬ ಕೊನೆಯ ಹನಿಯ ಹತ್ತಿರ ನಿಲ್ಲುವುದು, ಇನ್ನೊಬ್ಬ ಮುಂದಿನದನ್ನು ಹುಡುಕುವುದು. ಗಿಡಕ್ಕೆ ಟಾಯ್ಲೆಟ್ ಪೇಪರ್ ಚೂರು ಸಿಕ್ಕಿಸುತ್ತಾ ಹೋದೆವು. ಒಂದೂವರೆಗೆ ಸಿಕ್ಕಿತು. ಹೊಟ್ಟೆ ಬಗೆಯಲಿಲ್ಲ. ಮೇಲಿನ ಪಕ್ಕದ ಚರ್ಮ ಸುಲಿದು ಮುಂಗಾಲು, ಹಿಂಗಾಲು, ಬೆನ್ನಿನ ಮಾಂಸ ಬಿಡಿಸಿದೆವು. ಆಮೇಲೆ ಹೊರಳಿಸಿ ಇನ್ನೊಂದು ಪಕ್ಕ. ಹತ್ತಿಬಟ್ಟೆಯ ಚೀಲಕ್ಕೆ ಹಾಕಿ ಮರಕ್ಕೆ ತೂಗುಹಾಕುವಾಗ ನಾಲ್ಕೂವರೆ. ಬೆಳಗ್ಗೆ ಮುಟ್ಟಿದರೆ ಮೇಲೆಲ್ಲ ಒಣಗಿ ಗಟ್ಟಿಯಾಗಿತ್ತು. ಒಂದು ತುಂಡೂ ಎಸೆಯಲಿಲ್ಲ.

ಹಾಗಾದರೆ ರಾತ್ರಿ ಹೋಗುವುದೇ ಸರಿ, ಅಲ್ವಾ? ಅಷ್ಟು ಸುಲಭ ಇಲ್ಲ. ಈ ಎರಡರ ನಡುವಿನ ವರ್ಷ ಇನ್ನೊಂದು ಕಥೆ ಆಗಿತ್ತು. ತೊಡೆ ಕಳೆದುಕೊಂಡ ಭಯಕ್ಕೆ ಒಂದೇ ಗಂಟೆಗೆ ಹಿಂದೆ ಬಿದ್ದೆ. ಕತ್ತಲಲ್ಲಿ ಮುಂದೆ ಎಲ್ಲೋ ಅದು ಎದ್ದು ಓಡುವ ಸದ್ದು ಕೇಳಿಸಿತು. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಇಲ್ಲಿ ಬಾಣ ಬಿಡುವ ಹಾಗಿಲ್ಲ, ಆದ್ದರಿಂದ ಎದುರಿಗೆ ನಿಂತಿದ್ದರೂ ಏನೂ ಮಾಡಲು ಆಗುತ್ತಿರಲಿಲ್ಲ. ಎರಡು ದಿನ ಹುಡುಕಿದೆ. ಸಿಗಲೇ ಇಲ್ಲ. ಒಂದು ತೊಡೆ ಉಳಿಸಲು ಹೋಗಿ ಇಡೀ ಪ್ರಾಣಿ ಹೋಯಿತು. ಇದನ್ನು ಹೇಳಿಕೊಳ್ಳಲು ಈಗಲೂ ಕಷ್ಟ.

ಆದ್ದರಿಂದ ನನ್ನ ಲೆಕ್ಕ ಹೀಗೆ. ಲಿವರ್ ಆದರೆ 5 ಗಂಟೆ ಕಾದು ರಾತ್ರಿಯೇ ಹೋಗುತ್ತೇನೆ. ಹೊಟ್ಟೆ ಆದರೆ ಬೆಳಗಿನವರೆಗೆ ಕಾಯುತ್ತೇನೆ, ಸ್ವಲ್ಪ ಮಾಂಸ ಹೋದರೂ ಪರವಾಗಿಲ್ಲ. ರಾತ್ರಿ ಬೆಚ್ಚಗಿದ್ದು, ಹತ್ತಿರ ಕರಡಿಯ ಗುರುತೂ ಇದ್ದರೆ ಎರಡೂ ತಪ್ಪೇ. ಕಡಿಮೆ ತಪ್ಪು ಯಾವುದು ಅಂತ ನೋಡಬೇಕು.

ಮೂಳೆ ಬಿಡಿಸುವುದಾ ಬೇಡವಾ ಅನ್ನುವ ಜಗಳವೂ ಇದೆ. ಬಿಡಿಸಿದರೆ ಹೊರೆ ಕಡಿಮೆ. ಆ ಕಾಡಿನಲ್ಲಿ ಚಕ್ರದ ಗಾಡಿಗೂ ಅನುಮತಿ ಇಲ್ಲ, ಎಲ್ಲ ಬೆನ್ನ ಮೇಲೆಯೇ. ಆದರೆ ಬಿಡಿ ಮಾಂಸ ಚೀಲದೊಳಗೆ ಮುದ್ದೆಯಾಗಿ ಮತ್ತೆ ಬಿಸಿ ಹಿಡಿಯುತ್ತದೆ. ಗಂಡೋ ಹೆಣ್ಣೋ ಅನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು ಅನ್ನುವ ಕಾನೂನನ್ನೂ ಮರೆಯುವ ಹಾಗಿಲ್ಲ. ನಾನು ತೊಡೆಯನ್ನು ಉದ್ದಕ್ಕೆ ಮೂಳೆಯವರೆಗೆ ಸೀಳಿ, ಮೂಳೆ ಹಾಗೇ ಬಿಟ್ಟು ತೂಗುಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಳ್ಳದ ನೀರಿಗೆ ಇಳಿಸಿಯೂ ನೋಡಿದ್ದೇನೆ. ಬೇಗ ತಣಿಯುತ್ತದೆ, ನಿಜ. ಚೀಲ ತೂತಾಗಿ ಮಾಂಸ ಒದ್ದೆಯಾದ ಮೇಲೆ ಮತ್ತೆ ಆ ಗೋಜಿಗೆ ಹೋಗಿಲ್ಲ.

ಈಗ ಸಂಜೆ 6 ದಾಟಿದರೆ ಪಕ್ಕದಿಂದ ಪೂರ್ತಿ ಕಾಣದ ಪ್ರಾಣಿಗೆ ಬಾಣ ಹೂಡುವುದಿಲ್ಲ. ಹೋದ ವರ್ಷ 25 ಗಜದಲ್ಲಿ ಒಂದು ದೊಡ್ಡ ಗಂಡು ನನ್ನ ಕಡೆ ಮುಖ ಮಾಡಿ ನಿಂತಿತ್ತು. ತಿರುಗಲೇ ಇಲ್ಲ. ಕತ್ತಲಾಯಿತು. ಟೆಂಟಿಗೆ ಬಂದು ಉಪ್ಪಿಟ್ಟು ತಿಂದು ಮಲಗಿದೆ.