ಗಾಂಧಿನಗರದ ಮಹಾಬೋಧಿ ವಿಹಾರ: ಮುನಿಸು ಹೊತ್ತು ಹೋಗುವವರಿಗೆ

ಕೋಪ ಬರಿಸಿದವರಿಗಾಗಿಯೂ ಪ್ರಾರ್ಥಿಸಬೇಕೆಂದು ಹೇಳುವವರು ಬಹಳ ಮಂದಿ. ಅದನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಸುವವರು ಕಡಿಮೆ. ನನಗೆ ಆ ದಾರಿ ಸಿಕ್ಕಿದ್ದು ಬೆಂಗಳೂರಿನ ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿರುವ ಮಹಾಬೋಧಿ ಸೊಸೈಟಿಯ ಬೌದ್ಧ ವಿಹಾರದಲ್ಲಿ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ಗಾಂಧಿನಗರದಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಮನಸ್ಸು ಕೆಡುವುದರಿಂದ ಮೆಟ್ರೋದಲ್ಲಿ ಬರುವುದು ಒಳ್ಳೆಯದು.

ನಾನು ಹೊತ್ತು ಹೋದ ಮುನಿಸು ಬಾಡಿಗೆ ಮನೆಯದು. ಹಿಂದೆ ನಾವಿದ್ದ ಮನೆಯ ಒಡತಿ ಹತ್ತು ತಿಂಗಳ ಮುಂಗಡದಲ್ಲಿ ಅರ್ಧದಷ್ಟನ್ನು ಸುಣ್ಣಬಣ್ಣದ ಲೆಕ್ಕ ಹೇಳಿ ಹಿಡಿದುಕೊಂಡಿದ್ದರು. ಎರಡು ವರ್ಷ ಕಳೆದರೂ ಆ ಬೀದಿಯ ಹೆಸರು ಕಿವಿಗೆ ಬಿದ್ದರೆ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು. ದೇವರ ಮುಂದೆ ನಿಂತಾಗ ಆಕೆಗೆ ಒಳ್ಳೆಯ ಬುದ್ಧಿ ಕೊಡಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ. ಅದು ಶಾಪಕ್ಕೆ ಹೂವು ಮುಡಿಸಿದ ಮಾತೆಂಬುದು ಈ ವಿಹಾರದಲ್ಲಿ ಹಲವು ಸಲ ಕೂತೆದ್ದ ಮೇಲೆ ನನಗೆ ತಿಳಿಯಿತು.

ಇಲ್ಲಿನವರು ಅನುಸರಿಸುವ ಥೇರವಾದ ಎಂಬ ಬೌದ್ಧ ಪರಂಪರೆಯಲ್ಲಿ ಈ ಅಭ್ಯಾಸಕ್ಕೆ ಮೆತ್ತಾ ಭಾವನಾ ಎಂದು ಹೆಸರು. ನಮ್ಮ ಮೈತ್ರಿಯೇ ಪಾಳಿ ಭಾಷೆಯ ಮೆತ್ತಾ. ದೇವರಲ್ಲಿ ಬೇಡುವ ಮಾತು ಇದರಲ್ಲಿಲ್ಲ, ಹಾರೈಕೆ ಮಾತ್ರ ಇದೆ: ವೈರವಿಲ್ಲದಿರಲಿ, ಬಾಧೆಯಿಲ್ಲದಿರಲಿ, ಕಳವಳವಿಲ್ಲದಿರಲಿ, ಸುಖವಾಗಿ ಬಾಳಲಿ. ಎದುರಿನವರು ತಿದ್ದಿಕೊಳ್ಳಲಿ ಎಂಬ ಷರತ್ತು ಈ ನಾಲ್ಕರಲ್ಲಿ ಎಲ್ಲೂ ಇಲ್ಲ, ನನ್ನ ಹಳೆಯ ಪ್ರಾರ್ಥನೆಯಲ್ಲಿದ್ದುದು ಅದೊಂದೇ. ಇನ್ನೂ ಮುಖ್ಯವಾದುದು ಹಾರೈಕೆಯ ಕ್ರಮ. 5ನೇ ಶತಮಾನದಲ್ಲಿ ಬೌದ್ಧ ಪಂಡಿತ ಬುದ್ಧಘೋಷರು ರಚಿಸಿದ ವಿಸುದ್ಧಿಮಗ್ಗ ಎಂಬ ಗ್ರಂಥದ ಪ್ರಕಾರ ಹಗೆಯವರಿಂದ ಆರಂಭಿಸಲೇಬಾರದು. ಮೊದಲು ತನಗೆ, ಆಮೇಲೆ ಗೌರವಕ್ಕೆ ಪಾತ್ರರಾದವರಿಗೆ, ಪ್ರೀತಿಯವರಿಗೆ, ಬೇಕೂ ಅಲ್ಲದ ಬೇಡವೂ ಅಲ್ಲದ ಯಾರೋ ಒಬ್ಬರಿಗೆ, ಕೊನೆಯಲ್ಲಷ್ಟೇ ಹಗೆಯವರಿಗೆ. ಅಲ್ಲಿಗೆ ಬಂದಾಗ ಸಿಟ್ಟು ಮರುಕಳಿಸಿದರೆ ಹಿಂದಿನ ಮೆಟ್ಟಿಲಿಗೆ ಮರಳಬೇಕು. ಆ ಯಾರೋ ಒಬ್ಬರೆಂದು ನಾನು ನೆನೆದದ್ದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರನ್ನು; ತಿಂಗಳುಗಟ್ಟಲೆ ಅವರ ಮುಖದಿಂದ ಮುಂದಕ್ಕೆ ಹೋಗಲಾರದೆ ಉಳಿದೆ, ಆದರೆ ಹಿಂದಕ್ಕೆ ಮರಳುವುದೂ ಅಭ್ಯಾಸದ ಭಾಗವೇ ಎಂದು ತಿಳಿದಿದ್ದರಿಂದ ಕೈಬಿಡಲಿಲ್ಲ.

ಸಿಟ್ಟು ಇಳಿಯದವರಿಗೆ ಅದೇ ಗ್ರಂಥ ಬೇರೆ ಉಪಾಯಗಳನ್ನೂ ಹೇಳುತ್ತದೆ. ಇನ್ನೊಬ್ಬರಿಗೆ ಹೊಡೆಯಲೆಂದು ಕೆಂಡ ಹಿಡಿದವನ ಕೈಯೇ ಮೊದಲು ಸುಡುತ್ತದೆ ಎಂಬುದನ್ನು ನೆನೆಯಬೇಕು. ನಿನ್ನ ಕೋಪ ಆ ವ್ಯಕ್ತಿಯ ಯಾವುದರ ಮೇಲೆ, ತಲೆಗೂದಲ ಮೇಲೋ ಉಗುರಿನ ಮೇಲೋ ಎಂದು ಬಿಡಿಬಿಡಿಯಾಗಿ ಕೇಳಿಕೊಳ್ಳಬೇಕು. ಯಾವುದೂ ಫಲಿಸದಿದ್ದರೆ ಹಗೆಯವರಿಗೆ ಒಂದು ಕೊಡುಗೆ ಕೊಡಬೇಕು. ಈ ಕೊನೆಯದನ್ನು ಓದಿದಾಗ ನನಗೆ ಸಂಕ್ರಾಂತಿ ನೆನಪಾಯಿತು.

ವಿಹಾರದ ಬಗ್ಗೆ ಇನ್ನು ಹೇಳಬೇಕಾದುದು ಸ್ವಲ್ಪ. ಪಾದರಕ್ಷೆ ಹೊರಗೆ ಬಿಟ್ಟು ಒಳಗೆ ಕೂತರೆ ಸುಮ್ಮನೆ ಕೂತಿರುವುದಕ್ಕೆ ಯಾರ ಅಡ್ಡಿಯೂ ಇಲ್ಲ; ನನ್ನ ಜಾತಿ, ಧರ್ಮ ಯಾವುದೆಂದು ಒಬ್ಬರೂ ಕೇಳಲಿಲ್ಲ. ಹೊರಗಿನ ಹಾರ್ನ್ ಸದ್ದು ಅಷ್ಟಿಷ್ಟು ಕೇಳಿಸುತ್ತದೆ, ನನ್ನ ಮಟ್ಟಿಗೆ ಅದು ತೊಡಕಾಗಲಿಲ್ಲ, ಏಕೆಂದರೆ ನಾನು ಹಾರೈಸಬೇಕಾದವರು ಆ ಸದ್ದಿನ ನಡುವೆಯೇ ಬದುಕುತ್ತಿದ್ದಾರೆ. ಒಂದೇ ಭೇಟಿಯಲ್ಲಿ ಮನಸ್ಸು ಹಗುರಾಗಬೇಕೆಂದು ಬರುವವರಿಗೆ ನಿರಾಸೆಯಾಗಬಹುದು. ವಾರಕ್ಕೊಮ್ಮೆಯಾದರೂ ಬರಬಲ್ಲವರಿಗೆ ಈ ಜಾಗವನ್ನು ನಾನು ಮನಸಾರೆ ಸೂಚಿಸುತ್ತೇನೆ.

ಈ ಸಂಕ್ರಾಂತಿಯಂದು ಎಳ್ಳುಬೆಲ್ಲದ ಪೊಟ್ಟಣ, ಒಂದು ತುಂಡು ಕಬ್ಬು ಹಿಡಿದು ಆ ಹಳೆಯ ಮನೆಯ ಗೇಟಿನ ಮುಂದೆ ನಿಂತೆ. ಆಕೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಎರಡೂ ಕೈ ಚಾಚಿ ತೆಗೆದುಕೊಂಡರು, ಮಗಳ ಓದು ಎಲ್ಲಿಗೆ ಬಂತೆಂದು ವಿಚಾರಿಸಿದರು. ಮುಂಗಡದ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಹಣ ನನಗೆ ಬರಬೇಕಾದುದೇ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಆ ಬೀದಿಯಲ್ಲಿ ಈಗ ನಾನು ನಿಧಾನವಾಗಿ ನಡೆಯಬಲ್ಲೆ.